ತೋಳಕ್ಕೆ ನೀಲಿ ಕಣ್ಣು ಬೇಕೆ?

ನನ್ನ ತಂಗಿಯ ಮೊಮ್ಮಗಳು, ಮೈಸೂರಿನಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿರುವವಳು, ಸಂಜೆಯ ಮನೆಪಾಠ ಮುಗಿದ ಮೇಲೆ ಒಂದು ಗಂಟೆಯ ಕಾಲ ತೋಳವಾಗುತ್ತಾಳೆ. ಈ ಮಾತನ್ನು ಮೊದಲು ಕೇಳಿದಾಗ ನನಗೂ ಆಶ್ಚರ್ಯವೇ ಆಯಿತು. ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ದೇಶದೇಶಗಳ ಹುಡುಗ ಹುಡುಗಿಯರು ಅಂತರಜಾಲದಲ್ಲಿ ಕಲೆತು, ಒಬ್ಬೊಬ್ಬರೂ ಒಂದೊಂದು ಮೃಗದ ಪಾತ್ರವನ್ನು ಧರಿಸಿ, ಬೇಟೆಯಾಡುತ್ತ, ಮರಿಗಳನ್ನು ಸಾಕುತ್ತ, ಗಡಿಗಾಗಿ ಕಾದಾಡುತ್ತ, ಯಾವನೊಬ್ಬನೂ ಮೊದಲೇ ಬರೆದಿಟ್ಟಿಲ್ಲದ ಒಂದು ಕಥೆಯನ್ನು ಎಲ್ಲರೂ ಸೇರಿ ಬೆಳೆಸಿಕೊಂಡು ಹೋಗುವ ಆಟ ಇದು. ಅವರು ಇದನ್ನು ರೋಲ್‌ಪ್ಲೇ ಎನ್ನುತ್ತಾರೆ, ನಮ್ಮ ಕರಾವಳಿಯವರಾದರೆ ವೇಷ ಕಟ್ಟುವುದೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು.

ಒಂದು ಸಂಜೆ ಆಕೆ ಮುಖ ಊದಿಸಿಕೊಂಡು ಕುಳಿತಿದ್ದಳು. ಎರಡು ವಾರ ಕಷ್ಟಪಟ್ಟು ಬರೆದಿದ್ದ ಅವಳ ತೋಳದ ಚಿತ್ರವನ್ನು ಆ ಗುಂಪಿನ ಹಿರಿಯರು—ಅಡ್ಮಿನ್‌ಗಳಂತೆ, ಅವರಿಗೂ ಹದಿನೇಳು ಹದಿನೆಂಟಕ್ಕಿಂತ ಹೆಚ್ಚು ವಯಸ್ಸಾಗಿರಲಾರದು—ತಿರುಗಿ ಕಳುಹಿಸಿದ್ದರು. ಚಿತ್ರವನ್ನು ನಾನೂ ನೋಡಿದೆ. ಹಿಮದಂತೆ ಬಿಳಿಯ ಮೈ, ಶರತ್ಕಾಲದ ಆಕಾಶದಂಥ ನೀಲಿ ಕಣ್ಣು, ಬಾಲದ ತುದಿಗೆ ನೇರಳೆ, ಎಡಗಣ್ಣಿಗೆ ಅಡ್ಡಲಾಗಿ ಹಳೆಯ ಗಾಯದ ಗುರುತು, ಬೆನ್ನಿನ ಮೇಲೆ ಮಡಿಸಿಟ್ಟ ಒಂದು ಜೊತೆ ರೆಕ್ಕೆ. ಸುಂದರವಾಗಿರಲಿಲ್ಲವೆಂದು ಹೇಳಲಾರೆ. ನಿಸರ್ಗದಲ್ಲಿಲ್ಲದ ಬಣ್ಣ, ಇಲ್ಲದ ಅಂಗ ನಮ್ಮ ಹಿಂಡಿನಲ್ಲಿ ಸಲ್ಲದು ಎಂಬುದು ಆ ಗುಂಪಿನ ಕಟ್ಟಳೆ. "ತಾತ, ತೋಳ ಮಾತಾಡಬಹುದಂತೆ, ರೆಕ್ಕೆ ಮಾತ್ರ ಇರಬಾರದಂತೆ, ಇದು ಯಾವ ನ್ಯಾಯ?" ಎಂದು ಆಕೆ ಕೇಳಿದಳು. ಪ್ರಶ್ನೆ ಚೂಪಾಗಿದ್ದಿತು; ಒಡನೆಯೇ ನನಗೆ ಉತ್ತರ ತೋಚಲಿಲ್ಲ. ಆಮೇಲೆ ತೋಚಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಕ್ಷಪಾತ ಎತ್ತ ಕಡೆಗೆಂಬುದನ್ನು ಮುಚ್ಚಿಡುವ ಇಚ್ಛೆಯೂ ನನಗಿಲ್ಲ. ಕಟ್ಟಳೆ ಸರಿಯಾದುದೆಂದೇ ನನ್ನ ಮತ. ಆದರೆ ಕಟ್ಟಳೆ ಮಾಡಿದವರ ಮೇಲೂ ನನ್ನದೊಂದು ದೂರುಂಟು.

ಮೃಗಗಳಿಗೆ ಮಾತು ಕೊಟ್ಟವರಲ್ಲಿ ನಾವು ಹೊಸಬರಲ್ಲ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅಲ್ಲಿ ಸಿಂಹ, ಎತ್ತು, ನರಿಗಳು ರಾಜನೀತಿಯನ್ನೇ ಚರ್ಚಿಸುತ್ತವೆ. ಆದರೆ ಆ ಕಥೆಗಳನ್ನು ಸ್ವಲ್ಪ ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಹೋಗದು: ಮಾತನ್ನು ಧಾರಾಳವಾಗಿ ಕೊಟ್ಟ ಕಥೆಗಾರನು ದೇಹವನ್ನು ಮಾತ್ರ ಎಳ್ಳಷ್ಟೂ ಬದಲಿಸಲಿಲ್ಲ. ಸಿಂಹ ಹುಲ್ಲು ಮೇಯುವುದಿಲ್ಲ, ಎತ್ತು ಮಾಂಸವನ್ನು ತಿನ್ನುವುದಿಲ್ಲ, ನರಿಯು ಸಿಂಹದೊಡನೆ ಕೈಕೈ ಮಿಲಾಯಿಸಿ ಗೆಲ್ಲುವುದಿಲ್ಲ. ಗೆಲ್ಲಲಾರದೆ ಇರುವುದರಿಂದಲೇ ಅದಕ್ಕೆ ಕುಟಿಲ ಬುದ್ಧಿ ಬೇಕಾಗುತ್ತದೆ, ಆ ಕುಟಿಲತೆಯಿಂದಲೇ ಕಥೆ ಹುಟ್ಟುತ್ತದೆ. ಕರಟಕ ದಮನಕರೆಂಬ ಆ ನರಿಗಳಿಗೆ ಯಾರಾದರೂ ಕರುಣಾಳು ಒಂದು ಜೊತೆ ರೆಕ್ಕೆಯನ್ನೋ ಸಿಂಹದ ಪಂಜವನ್ನೋ ದಯಪಾಲಿಸಿದ್ದರೆ ಪಂಚತಂತ್ರದ ಮೊದಲನೆಯ ತಂತ್ರ ಎರಡು ಪುಟಗಳಿಗೆ ಮುಗಿದುಹೋಗುತ್ತಿದ್ದಿತು. ಮಾತೆಂಬುದು ಕೇಳುವವನಿಗಾಗಿ ಮಾಡಿಕೊಂಡ ಒಂದು ಒಪ್ಪಂದ. ದೇಹವೆಂಬುದು ಆ ಪ್ರಾಣಿಯೇ. ಒಪ್ಪಂದವನ್ನು ಮಾಡಿಕೊಳ್ಳಬಹುದು, ಮುರಿಯಬಹುದು. ಪ್ರಾಣಿಯನ್ನೇ ತೆಗೆದುಹಾಕಿದರೆ ಉಳಿಯುವುದು ತೋಳದ ತೊಗಲನ್ನು ಹೊದ್ದ ಎಂಟನೆಯ ತರಗತಿಯ ಹುಡುಗಿ ಮಾತ್ರ.

ಈ ಬಗೆಯ ಆಟಗಳಲ್ಲಿ ಒಂದನ್ನು ನಾನೇ ಆಡಿ ನೋಡಿದೆ. ಅಮೆರಿಕದ ಮಿನ್ನೆಸೋಟ ಮೃಗಾಲಯವು ಎಜುವೆಬ್ ಎಂಬ ಸಂಸ್ಥೆಯೊಡನೆ ಸೇರಿ, ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ 2007ರಲ್ಲಿ ಹೊರತಂದ ‘ವುಲ್ಫ್‌ಕ್ವೆಸ್ಟ್’ ಎಂಬುದು ಅದರ ಹೆಸರು; 2019ರಿಂದೀಚೆಗೆ ಅದರ ಹೊಸ ಆವೃತ್ತಿ ನಡೆಯುತ್ತಿದೆ. ಆಟಗಾರನು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ, ಹುಟ್ಟಿದ ಹಿಂಡನ್ನು ಬಿಟ್ಟು ಹೊರಟ ಒಂಟಿ ತೋಳ. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯನ್ನು ಬೇಟೆಯಾಡಬೇಕು, ಜೊತೆಗಾರನನ್ನು ಅರಸಬೇಕು, ನೆಲ ಹಿಡಿಯಬೇಕು, ಮರಿಗಳನ್ನು ಉಳಿಸಿಕೊಳ್ಳಬೇಕು. ಕನ್ನಡಕವನ್ನು ಒರೆಸಿಕೊಂಡು ನಾನು ಬಹು ಉತ್ಸಾಹದಿಂದ ಕುಳಿತೆನಾದರೂ ಮೊದಲನೆಯ ಎಲ್ಕ್ ಹಿಂಗಾಲಿನಿಂದ ಒದ್ದಿತು, ಎರಡನೆಯದು ಹೊಳೆ ದಾಟಿಹೋಯಿತು, ಮೂರನೆಯ ಸಲ ನಾನು ಹಸಿವಿನಿಂದ ಸತ್ತೆ. ಮೊಮ್ಮಗಳು ನಕ್ಕಳು. ಆದರೆ ಆ ಸೋಲಿನಲ್ಲಿ ಒಂದು ರುಚಿಯಿದ್ದಿತು. ನಿಜವಾದ ತೋಳಗಳ ಬೇಟೆಯೂ ಬಹುಪಾಲು ವಿಫಲವೇ. ಸಿಕ್ಕ ದಿನ ಒಂದೇ ಊಟಕ್ಕೆ ಒಂಬತ್ತು ಕಿಲೋವರೆಗೆ ತಿನ್ನಬಲ್ಲ ಆ ಹೊಟ್ಟೆ, ಸಿಗದ ದಿನಗಳಿಗಾಗಿಯೇ ಹಾಗಾದದ್ದು. ಭೀಮಸೇನನನ್ನು ವೃಕೋದರನೆಂದು ಕರೆದ ನಮ್ಮ ಪೂರ್ವಿಕರು ಬರಿಯ ಉಪಮಾನಕ್ಕಾಗಿ ಆ ಮಾತನ್ನಾಡಿದವರಲ್ಲ, ತೋಳ ಉಣ್ಣುವುದನ್ನು ಕಣ್ಣಾರೆ ಕಂಡವರು.

ಈಗ ಆ ಹೊಳೆಯ ದಡದಲ್ಲಿ ನನ್ನ ಪಕ್ಕಕ್ಕೆ ರೆಕ್ಕೆಯುಳ್ಳ ತೋಳವೊಂದು ಬಂದು ನಿಲ್ಲುವುದೆಂದು ಊಹಿಸಿ. ಅದಕ್ಕೆ ಹೊಳೆಯೆಂಬುದಿಲ್ಲ, ಹಿಂಗಾಲಿನ ಒದೆತವಿಲ್ಲ, ಗಡಿಯೆಂಬುದಿಲ್ಲ. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವು ಇಪ್ಪತ್ತು ಕಿಲೋದ ಆಸುಪಾಸಿನಲ್ಲಿಯೇ ನಿಂತುಹೋಗಿರುವಾಗ ಐವತ್ತು ಕಿಲೋದ ಯೆಲ್ಲೊಸ್ಟೋನ್ ಗಂಡು ತೋಳ ಹೇಗೆ ಹಾರೀತೆಂಬ ಗಣಿತವನ್ನು ಬದಿಗಿಡೋಣ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಯಾವುದಕ್ಕೂ ನಾಲ್ಕು ಕಾಲುಗಳ ಮೇಲೆ ಎರಡು ರೆಕ್ಕೆಗಳನ್ನು ನಿಸರ್ಗ ಕೊಟ್ಟಿಲ್ಲವೆಂಬುದನ್ನೂ ಬಿಡೋಣ. ನನ್ನ ಆಕ್ಷೇಪ ಬೇರೆ. ಎಲ್ಲರೂ ಸೇರಿ ಆಡುವ ಆಟದಲ್ಲಿ ಒಬ್ಬಳು ತನಗಾಗಿ ಕಷ್ಟವನ್ನು ರದ್ದುಮಾಡಿಕೊಂಡ ಗಳಿಗೆಯಲ್ಲಿ ಮಿಕ್ಕ ಇಪ್ಪತ್ತು ಜನರ ಕಷ್ಟವೂ ಹಾಸ್ಯಾಸ್ಪದವಾಗುತ್ತದೆ. ಅವರು ಮೂರು ರಾತ್ರಿ ಹೊಳೆಯ ದಡದಲ್ಲಿ ಹಸಿದು ಕಾದದ್ದು ವ್ಯರ್ಥವಾಗುತ್ತದೆ. ತನ್ನ ಕೋಣೆಯ ಗೋಡೆಯ ಮೇಲೆ ಬರೆದುಕೊಳ್ಳುವ ಚಿತ್ರಕ್ಕೆ ಈ ಮಾತು ಅನ್ವಯಿಸದು. ಅಲ್ಲಿ ತೋಳಕ್ಕೆ ಎಂಟು ರೆಕ್ಕೆಗಳಿದ್ದರೂ ಯಾರ ಊಟವೂ ಕೆಡುವುದಿಲ್ಲ.

ರೆಕ್ಕೆಯ ವಿಷಯ ಸುಲಭ. ಬಣ್ಣದ ವಿಷಯ ಅಷ್ಟು ಸುಲಭವಲ್ಲ; ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದೂ ಅದೇ. ನೀಲಿ ಕಣ್ಣಿನಿಂದ ಯಾವ ಹೊಳೆಯೂ ಬತ್ತುವುದಿಲ್ಲವಲ್ಲ, ಅದಕ್ಕೇಕೆ ಅಡ್ಡಿ ಎಂದು ಯಾರಾದರೂ ಕೇಳಬಹುದು. ತೋಳದ ಮರಿಗೆ ಹುಟ್ಟಿದಾಗ ನೀಲಿ ಕಣ್ಣೇ ಇರುತ್ತದೆ. ವಾರಗಳು ಕಳೆದಂತೆ ಆ ನೀಲಿ ಕರಗಿ, ಹಳದಿಯಾಗಿ, ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆದುದರಿಂದ ಬೆಳೆದ ತೋಳಕ್ಕೆ ನೀಲಿ ಕಣ್ಣಿಡುವವಳು ಒಂದು ಅಲಂಕಾರವನ್ನು ಸೇರಿಸುತ್ತಿರುವೆನೆಂದು ಭಾವಿಸಿದರೂ ವಾಸ್ತವವಾಗಿ ಒಂದು ಬಾಲ್ಯವನ್ನು ಅಳಿಸುತ್ತಿರುತ್ತಾಳೆ. ಆ ಬದಲಾವಣೆಯನ್ನು ಬಲ್ಲವಳು ತನ್ನ ಪಾತ್ರದ ಕಥೆಯಲ್ಲಿ, ಕಣ್ಣಿನ ನೀಲಿ ಇನ್ನೂ ಮಾಸದಿದ್ದ ದಿನಗಳಲ್ಲಿ ತಾನು ಮೊದಲ ಬಾರಿ ಗುಹೆಯಿಂದ ಹೊರಗೆ ಬಂದೆನೆಂದು ಬರೆಯಬಲ್ಲಳು. ಬರಿಯ ನೀಲಿಗೆ ಮಾರುಹೋದವಳಿಗೆ ಆ ವಾಕ್ಯ ದಕ್ಕುವುದಿಲ್ಲ.

ಮೈಬಣ್ಣದ ಕಥೆ ಇನ್ನೂ ದೊಡ್ಡದು. 1926ರ ಹೊತ್ತಿಗೆ ಯೆಲ್ಲೊಸ್ಟೋನಿನ ತೋಳಗಳನ್ನು ಮನುಷ್ಯರು ಕೊಂದು ಮುಗಿಸಿದ್ದರು; 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಮತ್ತೆ ಅಲ್ಲಿ ಬಿಟ್ಟರು. ಇಂದು ಅವುಗಳ ಸಂತತಿಯಲ್ಲಿ ಸುಮಾರು ಅರ್ಧದಷ್ಟು ಬೂದು, ಅರ್ಧದಷ್ಟು ಕಪ್ಪು. ಈ ಕಪ್ಪು ಎಲ್ಲಿಂದ ಬಂದಿತು? 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಂತೆ, ಅದು ಸಾಕುನಾಯಿಗಳಿಂದ ಬಂದದ್ದು. ಎಷ್ಟೋ ತಲೆಮಾರುಗಳ ಹಿಂದೆ ಮನುಷ್ಯರೊಡನೆ ಅಮೆರಿಕಕ್ಕೆ ಬಂದ ನಾಯಿಗಳೊಡನೆ ತೋಳಗಳು ಕೂಡಿದ್ದರ ಗುರುತು ಆ ತುಪ್ಪುಳಿನಲ್ಲಿ ಉಳಿದುಕೊಂಡಿದೆ. ಅಷ್ಟೇ ಅಲ್ಲ. ಆ ಬಣ್ಣವನ್ನು ತರುವ ಅನುವಂಶಿಕ ಘಟಕಕ್ಕೂ ರೋಗನಿರೋಧಕ ಶಕ್ತಿಗೂ ನಂಟಿದೆ: ಡಿಸ್ಟೆಂಪರ್ ಎಂಬ ಮಾರಿ ಬಂದಾಗ ಕಪ್ಪು ತೋಳಗಳು ಬದುಕಿ ಉಳಿಯುವ ಸಂಭವ ಹೆಚ್ಚು, ಆದರೆ ತಂದೆತಾಯಿಗಳಿಬ್ಬರಿಂದಲೂ ಕಪ್ಪನ್ನೇ ಪಡೆದ ಮರಿ ಉಳಿಯುವುದು ಕಡಿಮೆ. ಆದುದರಿಂದಲೋ ಏನೋ, ಆ ರೋಗ ಮರಳಿ ಮರಳಿ ಬರುವ ನೆಲದಲ್ಲಿ ಕಪ್ಪು ತೋಳ ಬೂದು ಸಂಗಾತಿಯನ್ನೂ ಬೂದು ತೋಳ ಕಪ್ಪು ಸಂಗಾತಿಯನ್ನೂ ಆರಿಸಿಕೊಳ್ಳುವುದು ಹೆಚ್ಚೆಂದು 2022ರ ಅಧ್ಯಯನವೊಂದು ಹೇಳಿತು. ಹೀಗೆ ಒಂದು ತೋಳದ ಬಣ್ಣದಲ್ಲಿ ವಂಶದ ಚರಿತ್ರೆಯಿದೆ, ವಿವಾಹದ ವಿವೇಕವಿದೆ, ಮಾರಿಯ ಭಯವಿದೆ. ಬಾಲದ ತುದಿಯ ನೇರಳೆಯಲ್ಲಿ ಏನಿದೆ? ಬಣ್ಣದ ಡಬ್ಬಿಯಿದೆ.

ಅಲ್ಲಿಯ ಸಂಶೋಧಕರು ತೋಳಗಳಿಗೆ ಹೆಸರಿಡುವುದಿಲ್ಲ, ಸಂಖ್ಯೆ ಕೊಡುತ್ತಾರೆ. 21ನೆಯ ಸಂಖ್ಯೆಯ ಗಂಡು ತೋಳವೊಂದಿದ್ದಿತು. 1995ರ ವಸಂತದಲ್ಲಿ ಅದರ ತಂದೆಯನ್ನು ಯಾರೋ ಗುಂಡಿಟ್ಟು ಕೊಂದರು, ತಾಯಿ ಉದ್ಯಾನದ ಗಡಿಯಾಚೆ ಒಂಟಿಯಾಗಿ ಎಂಟು ಮರಿಗಳನ್ನು ಹಾಕಿದ್ದಳು, ಅವುಗಳಲ್ಲಿ ಇದೊಂದು. ಮುಂದೆ ಅದು ದೊಡ್ಡ ಹಿಂಡಿನ ಯಜಮಾನನಾಯಿತು, 2004ರವರೆಗೆ ಬದುಕಿತು. ಯೌವನದಲ್ಲಿ ಇದ್ದಿಲಿನಂತೆ ಕಪ್ಪಗಿದ್ದ ಅದರ ಮೈ ಮುಪ್ಪಿನಲ್ಲಿ, ನಮ್ಮ ನಿಮ್ಮ ತಲೆಯಂತೆಯೇ, ನರೆತು ಬೂದಿಯಾಯಿತು. ಕಪ್ಪು ತೋಳಗಳು ಹೀಗೆ ನರೆಯುವುದು ಸಾಮಾನ್ಯ. ಪಾತ್ರವೊಂದನ್ನು ಚಿತ್ರಿಸುವ ಹುಡುಗಿಗೆ ಇದಕ್ಕಿಂತ ದೊಡ್ಡ ಕೊಡುಗೆ ಯಾವುದಿದ್ದೀತು? ವರ್ಷಕ್ಕೊಮ್ಮೆ ಮೂತಿಯ ಸುತ್ತ ನಾಲ್ಕು ಗೆರೆ ಬಿಳಿ ಸೇರಿಸಿದರೆ ಸಾಕು, ಕಾಲ ತಾನೇ ಬಂದು ಪಾತ್ರದ ಮೈಮೇಲೆ ಕುಳಿತುಕೊಳ್ಳುತ್ತದೆ.

ಸಿಂಹದ ಪಾತ್ರ ಧರಿಸುವವರದೂ ಇದೇ ಕಥೆ. 1994ರ ‘ದಿ ಲಯನ್ ಕಿಂಗ್’ ಚಲನಚಿತ್ರದಲ್ಲಿ ಖಳನಿಗೆ ಕಪ್ಪು ಕೇಸರವನ್ನು ಕೊಟ್ಟರಲ್ಲ, ಅಂದಿನಿಂದ ಕಪ್ಪು ಕೇಸರವೆಂದರೆ ಕೇಡು ಎಂಬುದು ಮಕ್ಕಳ ಮನಸ್ಸಿನಲ್ಲಿ ನಿಂತಿದೆ. 2002ರಲ್ಲಿ ಪೇಟನ್ ವೆಸ್ಟ್ ಮತ್ತು ಕ್ರೇಗ್ ಪ್ಯಾಕರ್ ಎಂಬ ವಿಜ್ಞಾನಿಗಳು ಆಫ್ರಿಕದ ಸೆರೆಂಗೆಟಿಯಲ್ಲಿ ಬೇರೆ ಬೇರೆ ಕೇಸರ ಕಟ್ಟಿದ ಬೊಂಬೆ ಸಿಂಹಗಳನ್ನು ನಿಲ್ಲಿಸಿ ನೋಡಿದಾಗ, ಹೆಣ್ಣು ಸಿಂಹಗಳು ಕಪ್ಪು ಕೇಸರದ ಬೊಂಬೆಯ ಕಡೆಗೇ ನಡೆದವು. ಖಳನೇ ವರನಾದನು! ಆದರೆ ಕಪ್ಪು ಕೇಸರ ಬಿಟ್ಟಿಯಾಗಿ ಬಂದದ್ದಲ್ಲ. ಅದನ್ನು ಹೊತ್ತ ಸಿಂಹ ಬಿಸಿಲಿನಲ್ಲಿ ಹೆಚ್ಚು ಬೇಯುತ್ತದೆ. ಸೌಂದರ್ಯಕ್ಕೆ ಬೆಲೆ ತೆರಬೇಕಾದ ಲೋಕದಲ್ಲಿ ಮಾತ್ರ ಸೌಂದರ್ಯಕ್ಕೆ ಅರ್ಥ. ಗಾಯದ ಗುರುತಿನ ವಿಚಾರವೂ ಹಾಗೆಯೇ: ಈ ಆಟಗಳಲ್ಲಿ ಎರಡರಲ್ಲೊಂದು ತೋಳಕ್ಕೆ ಕಣ್ಣಿನ ಮೇಲೆ ಅಡ್ಡಗಾಯವಿರುತ್ತದೆ, ಆದರೆ ಆ ಕಣ್ಣಿನಿಂದ ದೂರ ಅಳೆಯಲಾಗದೆ ಜಿಂಕೆಯ ಮೇಲೆ ಹಾರಿ ಗುರಿ ತಪ್ಪಿದ ತೋಳವನ್ನು ನಾನು ಇದುವರೆಗೆ ಕಂಡಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಕಲ್ಪನೆಯ ವಕಾಲತ್ತು ವಹಿಸಿದವರು ಎದ್ದುನಿಂತು, ಹಾಗಾದರೆ ನಮ್ಮ ಹುಲಿವೇಷವೇನು, ಮಕರವೇನು, ಗಂಡಭೇರುಂಡವೇನು ಎಂದು ಕೇಳುವರೆಂಬುದನ್ನು ನಾನು ಬಲ್ಲೆ. ಗೌರವದಿಂದಲೇ ಕೇಳಬೇಕಾದ ಪ್ರಶ್ನೆ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ಕೆಳಪಟ್ಟಿಕೆಗಳನ್ನು ಒಮ್ಮೆ ಸುತ್ತಿ ಬಂದವರಿಗೆ ಉತ್ತರ ಅಲ್ಲಿಯೇ ದೊರೆಯುತ್ತದೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು: ಒಂದು ಸೊಂಡಿಲು ಮಡಿಸಿದೆ, ಒಂದು ತಲೆ ತಗ್ಗಿಸಿದೆ, ಆದರೂ ಎಲ್ಲವೂ ಆನೆಯೇ. ಮೊಸಳೆ, ಆನೆ, ನವಿಲುಗಳನ್ನೆಲ್ಲ ಬೆಸೆದು ಮಾಡಿದ ಮಕರಗಳಿಗೆ ಮೇಲೆ ಬೇರೆಯದೇ ಸಾಲು. ಮಕರವನ್ನು ಕಲ್ಪಿಸಬಲ್ಲ ಶಿಲ್ಪಿ ಆನೆಗಳ ಸಾಲಿನಲ್ಲಿ ಒಂದಕ್ಕೆ ನವಿಲಿನ ಬಾಲವನ್ನಿಡಲಿಲ್ಲ. ಅವನಿಗೆ ಕಲ್ಪನೆಯ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ರೆಕ್ಕೆಯ ತೋಳಗಳಿಗೆ ಬೇರೆ ಸಾಲುಗಳಿವೆ, ಬೇರೆ ಗುಂಪುಗಳಿವೆ. ಅಲ್ಲಿ ಅವು ಮೆರೆಯಲಿ. ಹುಲಿವೇಷದ ಮಾತೂ ಅಷ್ಟೆ: ಮೈತುಂಬ ಹಚ್ಚಿದ ಹಳದಿ ಕಾಡಿನ ಹುಲಿಯ ಹಳದಿಯಲ್ಲ ಎಂಬುದು ಮಂಗಳೂರಿನ ಮಗುವಿಗೂ ಗೊತ್ತು, ಆದರೆ ತಾಸೆಯ ಪೆಟ್ಟಿಗೆ ಹೆಗಲು ತಗ್ಗಿಸಿ ಹೆಜ್ಜೆಯಿಡುವ ಆ ನಡಿಗೆ ಹುಲಿಯದೇ. ನಡಿಗೆ ತಪ್ಪಿದವನನ್ನು ಬೀದಿಯ ಜನರೇ ಬಿಡುವುದಿಲ್ಲ.

ಇನ್ನು ನನ್ನ ದೂರು. ಕಟ್ಟಳೆಯ ಕಾವಲುಗಾರರಾದ ಈ ಎಳೆಯ ಪಂಡಿತರು ನಿಸರ್ಗವನ್ನು ಕಾಪಾಡುತ್ತಿರುವೆವೆಂದು ಹೇಳುತ್ತ, ಅನೇಕ ವೇಳೆ ಕಾಪಾಡುವುದು ತಾವು ಕಂಡ ನಾಲ್ಕು ಚಿತ್ರಗಳನ್ನು. ನಿಸರ್ಗವು ಅವರ ನಿಯಮಾವಳಿಗಿಂತ ಉದಾರವಾಗಿದೆ. ಕಪ್ಪು ಚಿರತೆ ಎಂದರೆ ಬರಿಯ ಅಲಂಕಾರವೆಂದು ತಳ್ಳಿಹಾಕುವವನು ಕಬಿನಿಯ ಹಿನ್ನೀರಿನ ಕಡೆ ಬಂದು ನೋಡಲಿ. ಬಿಸಿಲು ಓರೆಯಾಗಿ ಬಿದ್ದಾಗ ಆ ಕಪ್ಪಿನೊಳಗೇ ಚಿರತೆಯ ಚುಕ್ಕೆಗಳು ಮೂಡುತ್ತವೆ. ಒಡಿಶಾದ ಸಿಮಿಲಿಪಾಲದಲ್ಲಿ ಪಟ್ಟೆಗಳು ಹರಡಿ ಒಂದಾಗಿ ಮೈಯೆಲ್ಲ ಕಪ್ಪಾದಂತೆ ಕಾಣುವ ಹುಲಿಗಳಿವೆ. ಅದಕ್ಕೆ ಕಾರಣವಾದ ಅನುವಂಶಿಕ ಬದಲಾವಣೆಯನ್ನು 2021ರಲ್ಲಿ ಪ್ರಕಟಿಸಿದವರು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು. ಬೇರೆ ಹುಲಿಗಳ ಸಂಪರ್ಕ ತಪ್ಪಿ, ಒಂಟಿಯಾಗಿ ಉಳಿದ ಸಣ್ಣ ಸಮುದಾಯದಲ್ಲಿ ಈ ಅಪೂರ್ವ ಬಣ್ಣ ಹೆಚ್ಚಿತೆಂಬುದು ಅವರ ನಿರ್ಣಯ; ಅಪೂರ್ವತೆಯ ಹಿಂದೆ ಒಂದು ಏಕಾಂತದ ದುಃಖವಿದೆ. ಬೆಕ್ಕುಗಳಲ್ಲಿ ಕಪ್ಪು ಕೆಂಪು ಬೆರೆತ ಬಣ್ಣ ಸಾಮಾನ್ಯವಾಗಿ ಹೆಣ್ಣಿಗೇ ಮೀಸಲು, ಗಂಡಾಗಿ ಹುಟ್ಟುವುದು ಸುಮಾರು 3000ಕ್ಕೆ ಒಂದು, ಹುಟ್ಟಿದರೂ ಬಹುತೇಕ ಸಂತಾನಹೀನ. ಆದುದರಿಂದ ಅಂಥ ಗಂಡು ಬೆಕ್ಕಿನ ಪಾತ್ರ ಬೇಕೆನ್ನುವವನಿಗೆ ‘ಇಲ್ಲ’ ಎನ್ನುವುದಕ್ಕಿಂತ, ‘ಆಗಲಿ, ಆದರೆ ನಿನಗೆ ಮರಿಗಳಿರುವುದಿಲ್ಲ’ ಎನ್ನುವುದು ಸರಿಯಾದ ಉತ್ತರ. ಬಿಳಿಯ ಮೈ, ನೀಲಿ ಕಣ್ಣುಗಳ ಬೆಕ್ಕುಗಳಲ್ಲಿ ಕಿವುಡುತನ ಹೆಚ್ಚೆಂಬುದನ್ನು ಡಾರ್ವಿನ್ ಬಹಳ ಹಿಂದೆಯೇ ಬರೆದಿಟ್ಟನು. ನೀಲಿ ಕಣ್ಣು ಬೇಕಾದರೆ ಮೌನವನ್ನೂ ಸ್ವೀಕರಿಸು ಎಂದು ಹೇಳಬಹುದಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕಣ್ಣಿನ ಬಣ್ಣವನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸುವ ಇದೇ ಗುಂಪುಗಳಲ್ಲಿ ಪ್ರತಿಯೊಂದು ಹಿಂಡಿಗೂ ‘ಆಲ್ಫಾ’ ಒಬ್ಬನಿರುತ್ತಾನೆ; ಅವನನ್ನು ಕಾದಾಡಿ ಕೆಡವಿದವನು ಸಿಂಹಾಸನವೇರುತ್ತಾನೆ. ಈ ಕಲ್ಪನೆಯ ಮೂಲ 1947ರಲ್ಲಿ ರುಡೊಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದ ಪ್ರಬಂಧ. 1970ರಲ್ಲಿ ತನ್ನ ಪುಸ್ತಕದಿಂದ ಅದನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಎಂಬಾತನೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಂಡಮೇಲೆ, 1999ರಲ್ಲಿ ಅದನ್ನು ತಿದ್ದಿ, ಹಿಂಡೆಂದರೆ ಸಾಮಾನ್ಯವಾಗಿ ತಂದೆ ತಾಯಿ ಮತ್ತು ಅವರ ಮಕ್ಕಳು, ನಾಯಕನೆಂದರೆ ಅಪ್ಪ ಅಷ್ಟೆ ಎಂದನು; ತನ್ನ ಆ ಹಳೆಯ ಪುಸ್ತಕವನ್ನು ಇನ್ನು ಅಚ್ಚುಮಾಡಬೇಡಿರೆಂದು ಪ್ರಕಾಶಕರನ್ನೇ ಬೇಡಿಕೊಂಡನು. ಕಣ್ಣು ಹಳದಿಯಾಗಿದ್ದು ನಡತೆ ಸೆರೆಮನೆಯದಾದರೆ ಆ ತೋಳ ನೈಜವಾದುದು ಹೇಗೆ?

ಮೊಮ್ಮಗಳಿಗೆ ಇದನ್ನೆಲ್ಲ ಇಷ್ಟು ಉದ್ದವಾಗಿ ಹೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ ಯಾರಲ್ಲೂ ಇಲ್ಲದ ಒಂದು ತೋಳ; ನೀಲಿ ಕಣ್ಣು, ನೇರಳೆ ಬಾಲಗಳೆಲ್ಲ ಆ ಆಸೆಯ ವೇಷಗಳು. ಹಾಗಾದರೆ ನಮ್ಮದೇ ತೋಳವನ್ನು ಏಕೆ ಬರೆಯಬಾರದೆಂದೆ. ನಮ್ಮ ತೋಳವೇ ಎಂದು ಕಣ್ಣರಳಿಸಿದಳು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಅಭಯಾರಣ್ಯವಿದೆಯೆಂದೂ, ಮೈಸೂರಿನಿಂದ ಒಂದೆರಡು ಗಂಟೆಯ ದಾರಿಯ ಮೇಲುಕೋಟೆಯ ಅಭಯಾರಣ್ಯ 1974ರಲ್ಲಿ ಆದದ್ದೇ ತೋಳದ ಸಲುವಾಗಿಯೆಂದೂ ಅವಳಿಗೆ ಯಾರೂ ಹೇಳಿರಲಿಲ್ಲ. ಹಿಮದ ನಾಡಿನ ತೋಳದ ಅರ್ಧದಷ್ಟೂ ತೂಕವಿಲ್ಲದ, ಇಪ್ಪತ್ತು ಕಿಲೋದ ಆಸುಪಾಸಿನ, ಉದ್ದ ಕಾಲುಗಳ ಒಣಕಲು ಪ್ರಾಣಿ. ಒತ್ತಾದ ಒಳತುಪ್ಪುಳಿಲ್ಲದ, ಒಣಹುಲ್ಲಿಗೂ ಕೆಮ್ಮಣ್ಣಿಗೂ ನಡುವಿನ ಬಣ್ಣ. ದೊಡ್ಡ ಹಿಂಡು ಕಟ್ಟದು. ಕೃಷ್ಣಮೃಗದ ಹಿಂದೆ ಓಡುತ್ತದೆ, ಕೃಷ್ಣಮೃಗವಿಲ್ಲದ ಕಡೆ ಕುರಿಗಾಹಿಯ ಬೈಗುಳ ತಿನ್ನುತ್ತದೆ. 1831ರಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ದಖ್ಖಣದ ಪ್ರಾಣಿಗಳ ಪಟ್ಟಿ ಮಾಡುವಾಗ ಇದಕ್ಕೆ ‘ಪ್ಯಾಲಿಪೆಸ್’, ಎಂದರೆ ಮಸುಕು ಪಾದದ್ದು, ಎಂದು ಹೆಸರಿಟ್ಟನು.

ಒಂದು ಭಾನುವಾರವೆಲ್ಲ ಕುಳಿತು ಆಕೆ ಹೊಸ ಚಿತ್ರವನ್ನು ಬರೆದಳು. ಜೇನಿನ ಕಣ್ಣು, ಸಪೂರ ಸೊಂಟ, ಮಸುಕು ಪಾದ, ಮುಳ್ಳುಪೊದೆಗೆ ಸಿಕ್ಕಿ ಹರಿದ ಒಂದು ಕಿವಿ. ಬೆನ್ನ ಹಿಂದೆ ಹಿಮವಿಲ್ಲ, ಜಾಲಿಯ ಗಿಡ ಮತ್ತು ಬಂಡೆ. ಗುಂಪಿಗೆ ಕಳುಹಿಸಿದಳು. ಮೂರನೆಯ ದಿನ ಉತ್ತರ ಬಂದಿತು: ಚಿತ್ರ ಚೆನ್ನಾಗಿದೆ, ಆದರೆ ಇದು ತೋಳದಂತಿಲ್ಲ, ಕಯೋಟಿಯಂತಿದೆ, ಮೈಗೆ ಇನ್ನಷ್ಟು ತುಪ್ಪುಳು ಸೇರಿಸಿ ಕಳುಹಿಸುವುದು. ಕಯೋಟಿಯೆಂದರೆ ಅಮೆರಿಕದಲ್ಲಿರುವ, ನಮ್ಮ ನರಿಗೆ ಅಣ್ಣನಾಗಬೇಕಾದ ಪ್ರಾಣಿ. ಈ ಸಲ ಆಕೆ ಮುಖ ಊದಿಸಿಕೊಳ್ಳಲಿಲ್ಲ. ಒಂದು ಗೆರೆಯನ್ನೂ ತಿದ್ದದೆ, ದಖ್ಖಣದ ತೋಳದ ಮೂರು ಫೋಟೋಗಳನ್ನೂ ಸೈಕ್ಸನ ಹೆಸರನ್ನೂ ಜೊತೆಗಿಟ್ಟು, ನಿಮ್ಮ ಕಟ್ಟಳೆಯನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ ಎಂದು ಬರೆದು ಅದೇ ಚಿತ್ರವನ್ನು ತಿರುಗಿ ಕಳುಹಿಸಿದ್ದಾಳೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಅವರಿಂದ ಉತ್ತರ ಬಂದಿಲ್ಲ.